ಅರ್ಹತಾಪತ್ರದ ಆಯುಸ್ಸು

ವಿದ್ಯೆಗೆ ಆಯುಸ್ಸಿನ ಮಿತಿಯುಂಟೆ? ಅಧ್ಯಾಪಕನ ಕೈಯಲ್ಲಿನ ಅರ್ಹತಾಪತ್ರಕ್ಕಂತೂ ಒಂದು ಕಾಲದಲ್ಲಿ ಅದು ಇದ್ದಿತು. 2009ರ ಶಿಕ್ಷಣ ಹಕ್ಕು ಕಾಯಿದೆಯ ತರುವಾಯ, ಒಂದರಿಂದ ಎಂಟನೆಯ ತರಗತಿಯವರೆಗೆ ಪಾಠ ಹೇಳಬಯಸುವವರಿಗೆ ಶಿಕ್ಷಕರ ಅರ್ಹತಾ ಪರೀಕ್ಷೆಯನ್ನು ವಿಧಿಸಲಾಯಿತು. ಅದರಲ್ಲಿ ತೇರ್ಗಡೆಯಾದವರ ಪತ್ರವು 2011ರ ನಿಯಮದಂತೆ ಹೆಚ್ಚೆಂದರೆ ಏಳು ವರ್ಷ ಬಾಳುತ್ತಿತ್ತು. ಅಷ್ಟರೊಳಗೆ ಕೆಲಸ ದೊರೆಯದವರು ಮರಳಿ ಪರೀಕ್ಷೆಗೆ ಕೂರಬೇಕಾಗಿತ್ತು. 2021ರಲ್ಲಿ ಕೇಂದ್ರ ಸರ್ಕಾರವು ಆ ಪತ್ರ ಜೀವಮಾನವಿಡೀ ಸಿಂಧುವೆಂದು ಸಾರಿತು. 2011ರಿಂದ ಪಡೆದವರಿಗೂ ಅದನ್ನು ಅನ್ವಯಿಸಿತು.

ಪತ್ರವೇನೋ ಚಿರಂಜೀವಿಯಾಯಿತು. ಆದರೆ ಪರೀಕ್ಷೆಯೇ ಇಲ್ಲದಿದ್ದ ಕಾಲದಲ್ಲಿ ನೇಮಕಗೊಂಡವರ ಪಾಡೇನು? 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟು, ಅಲ್ಪಸಂಖ್ಯಾತ ಸಂಸ್ಥೆಗಳ ಪ್ರಶ್ನೆಯನ್ನು ವಿಸ್ತೃತ ಪೀಠದ ವಿಚಾರಕ್ಕೆ ಬಿಟ್ಟು, ಉಳಿದವರ ವಿಷಯದಲ್ಲಿ ತೀರ್ಪಿತ್ತಿತು. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಅವಧಿಯುಳ್ಳವರು ಎರಡು ವರ್ಷದೊಳಗೆ ತೇರ್ಗಡೆಯಾಗಬೇಕು. ಅಷ್ಟು ಅವಧಿಯಿಲ್ಲದವರು ಹಾಗೆಯೇ ಮುಂದುವರಿಯಬಹುದು, ಬಡ್ತಿ ಬೇಕಾದರೆ ಮಾತ್ರ ಪರೀಕ್ಷೆ ತಪ್ಪದು.

ಆ ತೀರ್ಪಿನ ಬಳಿಕ ನಮ್ಮೂರಿನ ಪ್ರಾಥಮಿಕ ಶಾಲೆಯ ಮೇಷ್ಟರೊಬ್ಬರು ಒಂದು ಸಂಜೆ ನನ್ನಲ್ಲಿಗೆ ಬಂದರು. ಇಪ್ಪತ್ತಕ್ಕೂ ಹೆಚ್ಚು ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿದವರು. "ಕನ್ನಡದ ಭಾಗಕ್ಕೆ ಏನು ಓದಲಿ ಸ್ವಾಮಿ?" ಎಂದು ಕೇಳಿ, ಕ್ಷಣಕಾಲ ಸುಮ್ಮನಿದ್ದು, "ಇಷ್ಟು ವರ್ಷ ಕಲಿಸಿದ್ದು ಅರ್ಹತೆಯಲ್ಲವೆ?" ಎಂದರು. ನಾನು ಉತ್ತರ ಹೇಳಲಾರದೆ ಹೋದೆ. 150 ಪ್ರಶ್ನೆಗಳ ಆ ಪತ್ರಿಕೆಯು ಬಾಲವಿಕಾಸ, ಭಾಷೆ, ಗಣಿತಗಳಲ್ಲಿನ ತಿಳಿವನ್ನು ಅಳೆದೀತು. ಅಳುವ ಮಗುವನ್ನು ಸಂತೈಸಿ ಹಲಗೆಯ ಮುಂದೆ ನಿಲ್ಲಿಸುವ ಜಾಣ್ಮೆಯನ್ನು ಅಳೆಯಲಾರದು.

ಅವರು ಹೋದ ಮೇಲೆ ಮರುದಿನದ ಪಾಠಕ್ಕೆಂದು ನನ್ನ ಟಿಪ್ಪಣಿಯ ಪುಸ್ತಕವನ್ನು ತೆರೆದೆ. ಉದ್ಯೋಗಕ್ಕೆ ಸೇರಿದ ವರ್ಷ ಬರೆದದ್ದು. ಹಾಳೆಗಳ ಅಂಚು ಹಳದಿಯಾಗಿತ್ತು. ಉದಾಹರಣೆಗಳು ಅವೇ, ಹಾಸ್ಯವೂ ಅದೇ. ನನ್ನನ್ನು ಪರೀಕ್ಷೆಗೆ ಕರೆದವರು ಯಾರೂ ಇಲ್ಲ. ಆ ಇಳಿವಯಸ್ಸಿನ ಮೇಷ್ಟರು ವ್ಯಾಕರಣವನ್ನು ಹೊಸದಾಗಿ ಓದಹೊರಟಿದ್ದಾರೆ. ಸ್ನಾತಕೋತ್ತರ ಪದವೀಧರನಾದ ನಾನು ಹಳೆಯ ಬುತ್ತಿಯನ್ನೇ ಉಣಬಡಿಸುತ್ತಿದ್ದೇನೆ!

ಅವರ ನೋವು ನ್ಯಾಯವಾದುದೇ. ದುಡಿದು ದಣಿದವರನ್ನು ಪರೀಕ್ಷೆಗೆ ಕೂರಿಸುವ ಸರ್ಕಾರ, ಓದಲು ಬಿಡುವನ್ನೂ ಪುಸ್ತಕಗಳನ್ನೂ ಒದಗಿಸಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಅಧ್ಯಾಪಕರ ಮುಂದುವರಿದ ಕಲಿಕೆಗೆ ವರ್ಷಕ್ಕೆ 50 ಗಂಟೆಗಳನ್ನು ಸೂಚಿಸಿದೆ. ಆದರೆ ಸುಗ್ಗಿಗೆ ಮುನ್ನ ಕುಡುಗೋಲನ್ನು ಮಸೆಯಲು ರೈತನು ಯಾರ ಆಜ್ಞೆಗೂ ಕಾಯುವುದಿಲ್ಲ. ಅರ್ಹತಾಪತ್ರವನ್ನು ಸರ್ಕಾರ ನವೀಕರಿಸಬಹುದು. ಅರ್ಹತೆಯನ್ನು ನಾವೇ ನವೀಕರಿಸಿಕೊಳ್ಳಬೇಕು.

ಆ ರಾತ್ರಿ ಹಳೆಯ ಟಿಪ್ಪಣಿಯನ್ನು ಬದಿಗಿಟ್ಟು ಮೂಲಗ್ರಂಥವನ್ನೇ ತೆರೆದೆ. ಮುಂದಿನ ಭಾನುವಾರ ಮೇಷ್ಟರು ಮತ್ತೆ ಬರುವರು. ಇಬ್ಬರೂ ಒಟ್ಟಿಗೆ ಕುಳಿತು ಓದುವುದೆಂದು ಗೊತ್ತುಮಾಡಿಕೊಂಡಿದ್ದೇವೆ.