ಕಡಲಿನ ಜಮಾಖರ್ಚು

ಬೆಂಗಳೂರಿನ ದಕ್ಷಿಣ ಭಾಗದಲ್ಲಿರುವ ಇಟ್ಟಮಡುವಿಗೂ ಮಂಗಳೂರಿನ ಕಡಲಿಗೂ ಸುಮಾರು 350 ಕಿಲೋಮೀಟರುಗಳ ಅಂತರ. ನಡುವೆ ಪಶ್ಚಿಮಘಟ್ಟಗಳು ಅಡ್ಡ ನಿಂತಿವೆ. ಆಳವಾದ ನೀರನ್ನು ಸೂಚಿಸುವ ‘ಮಡು’ ಎಂಬ ಮಾತು ಹೆಸರಿನಲ್ಲಿ ಉಳಿದಿರುವುದನ್ನು ಬಿಟ್ಟರೆ ಈ ಬಡಾವಣೆಯ ಬೀದಿಗಳಿಗೆ ಕಡಲಿನ ನೆನಪಾಗಲು ಬೇರೆ ಕಾರಣವಿಲ್ಲ. ಆದರೂ ಬೆಳಗಿನ ಹೊತ್ತು ಇಲ್ಲಿಯ ಮೀನಂಗಡಿಯ ಮುಂದೆ ನಿಂತರೆ ಐಸಿನ ಪುಡಿಯಲ್ಲಿ ಹುದುಗಿಸಿದ ಬಂಗುಡೆ, ಅಂಜಲ್, ಸಿಗಡಿಗಳು ಕಾಣುತ್ತವೆ. ಅವೆಲ್ಲ ರಾತ್ರಿಯಿಡೀ ಘಾಟಿಯನ್ನು ಹತ್ತಿ ಬಂದಂಥವು. ಕೆಲವು ವರ್ಷಗಳ ಹಿಂದೆ ಒಂದು ಮುಂಜಾನೆ ಅಂಗಡಿಯಾತನನ್ನು, “ಬೂತಾಯಿ ಬರಲಿಲ್ಲವೇನಪ್ಪ?” ಎಂದು ಕೇಳಿದೆ. “ಕಡಲಲ್ಲೇ ಇಲ್ಲ ಮೇಷ್ಟ್ರೇ, ನಾವೆಲ್ಲಿಂದ ತರೋಣ?” ಎಂದು ಆತನು ಉತ್ತರಿಸಿದನು.

ಕಡಲಿನಲ್ಲಿಯೇ ಇಲ್ಲವೆಂದರೆ ಅದು ಹೋದದ್ದಾದರೂ ಎಲ್ಲಿಗೆ? ಈ ಪ್ರಶ್ನೆ ಹೊಸದಲ್ಲ. ನಮ್ಮ ಕರಾವಳಿಯ ಜನರು ಒಂದು ಶತಮಾನಕ್ಕೂ ಹಿಂದಿನಿಂದ ಇದನ್ನು ಕೇಳುತ್ತ ಬಂದಿದ್ದಾರೆ. ಉತ್ತರವನ್ನು ಹುಡುಕುವ ಬಗೆ ಮಾತ್ರ ಹೊಸದು.

ಬೂತಾಯಿಯು ಗೇಣುದ್ದದ ಬೆಳ್ಳಿಬಣ್ಣದ ಮೀನು. ಉತ್ತರ ಕನ್ನಡದ ಕಡೆ ಇದನ್ನು ತಾರ್ಲೆ ಎನ್ನುವುದುಂಟು. ಬಡವನ ತಟ್ಟೆಗೂ ನಿಲುಕುವ ಮೀನೆಂಬುದು ಇದರ ದೊಡ್ಡ ಹೆಗ್ಗಳಿಕೆ. ಇದರ ಮೈಯಲ್ಲಿ ಎಣ್ಣೆಯ ಅಂಶ ಅಧಿಕವಾದುದರಿಂದ ಹಿಂದೆ ಎಣ್ಣೆಯನ್ನು ತೆಗೆದು ಮರದ ದೋಣಿಗಳಿಗೆ ಬಳಿಯುತ್ತಿದ್ದರು. ಉಳಿದ ಹಿಂಡಿಯು ತೋಟಗಳಿಗೆ ಗೊಬ್ಬರವಾಗುತ್ತಿತ್ತು. ಮಳೆಗಾಲದಲ್ಲಿ ಮಾರುತಗಳೂ ಪ್ರವಾಹಗಳೂ ತೀರದ ಮೇಲ್ಪದರದ ನೀರನ್ನು ಆಚೆಗೆ ಸರಿಸಿದಾಗ ಆ ಜಾಗವನ್ನು ತುಂಬಲು ಆಳದ ತಣ್ಣೀರು ಮೇಲೇಳುತ್ತದೆ. ಅದರೊಡನೆ ಲವಣಪೋಷಕಗಳು ಮೇಲಕ್ಕೆ ಬಂದು, ಬಿಸಿಲು ತಗುಲಿದೊಡನೆ ಕಣ್ಣಿಗೆ ಕಾಣದ ಸಸ್ಯಪ್ಲವಕಗಳು ಹೊಲದ ಪೈರಿನಂತೆ ಹುಲುಸಾಗಿ ಬೆಳೆಯುತ್ತವೆ. ಬೂತಾಯಿಯು ಬಾಯಿ ತೆರೆದು ಈಜುತ್ತ, ಕಿವಿರುಗಳ ಜರಡಿಯಿಂದ ಈ ಪೈರನ್ನು ಸೋಸಿ ತಿನ್ನುತ್ತದೆ. ಅದನ್ನು ಅಂಜಲ್, ಕೇದಾರ ಮೊದಲಾದ ದೊಡ್ಡ ಮೀನುಗಳು ತಿನ್ನುತ್ತವೆ. ಅವುಗಳನ್ನು ಶಾರ್ಕುಗಳು ತಿನ್ನುತ್ತವೆ. ಇವೆಲ್ಲವನ್ನೂ ಮನುಷ್ಯನು ತಿನ್ನುತ್ತಾನೆ. ಇದನ್ನು ಆಹಾರಸರಪಳಿ ಎನ್ನುವುದಕ್ಕಿಂತ ಆಹಾರಜಾಲ ಎನ್ನುವುದೇ ಸರಿ. ಒಂದೇ ಮೀನು ಹಲವರ ತುತ್ತು, ಹಲವು ಜೀವಿಗಳಿಗೆ ಮೃತ್ಯು.

ಈ ಮೀನಿನ ಸ್ವಭಾವವು ಬಲು ಚಂಚಲ. ಕೆಲವು ವರ್ಷ ಅದು ರಾಶಿರಾಶಿಯಾಗಿ ಬರುತ್ತದೆ. ಮತ್ತೆ ಕೆಲವು ವರ್ಷ ಸುಳಿವೇ ಇರುವುದಿಲ್ಲ. ಮದ್ರಾಸ್ ಪ್ರಾಂತದ ಮತ್ಸ್ಯ ಇಲಾಖೆಯಲ್ಲಿದ್ದ ಜೇಮ್ಸ್ ಹಾರ್ನೆಲ್ ಎಂಬುವರು 20ನೆಯ ಶತಮಾನದ ಆರಂಭದಲ್ಲಿಯೇ ಈ ಏರಿಳಿತವನ್ನು ಕುರಿತು ಬರೆದಿದ್ದರು. ಅಂದು ದಕ್ಷಿಣ ಕನ್ನಡವೂ ಆ ಪ್ರಾಂತಕ್ಕೇ ಸೇರಿತ್ತು. 1940ರ ದಶಕದಲ್ಲಿ ಬೂತಾಯಿ ತೀರ ವಿರಳವಾದಾಗ ಮದ್ರಾಸ್ ಸರ್ಕಾರವು ಮರಿಮೀನುಗಳನ್ನು ಬಾಚುವ ಬಲೆಗಳ ಮೇಲೆ ನಿರ್ಬಂಧವನ್ನು ಹೇರಿತು. ಬಲೆಯದೇ ತಪ್ಪೆಂದು ಕೆಲವರು, ಕಡಲಿನ ಮನಸ್ಸೇ ಹಾಗೆಂದು ಕೆಲವರು ವಾದಿಸಿದರು. ಯಾರ ಮಾತು ಎಷ್ಟು ಪಾಲು ನಿಜವೆಂದು ತೂಗಿ ನೋಡುವ ತಕ್ಕಡಿ ಮಾತ್ರ ಅಂದು ಯಾರ ಕೈಯಲ್ಲಿಯೂ ಇರಲಿಲ್ಲ. ಅಂತಹ ತಕ್ಕಡಿಯನ್ನು ಇಂದು ವಿಜ್ಞಾನಿಗಳು ‘ಮಾದರಿ’ ಎಂದು ಕರೆಯುತ್ತಾರೆ.

ಮಾದರಿ ಎಂದರೆ ಗಾಜಿನ ತೊಟ್ಟಿಯಲ್ಲಿಟ್ಟ ಆಟಿಕೆಯ ಸಮುದ್ರವೆಂದು ಭಾವಿಸಬೇಡಿ. ಅದು ಗಣಿತದ ಭಾಷೆಯಲ್ಲಿ ಬರೆದ ಜಮಾಖರ್ಚಿನ ಪುಸ್ತಕ. ಹವಾಯಿ ದ್ವೀಪಗಳ ಸಾಲಿನಲ್ಲಿರುವ ಒಂದು ಹವಳದ ದಿಬ್ಬದ ಜೀವಿಗಳನ್ನು ಅಭ್ಯಾಸ ಮಾಡಿದ ಜೆಫ್ರಿ ಪೊಲೊವಿನಾ ಎಂಬ ವಿಜ್ಞಾನಿಯು 1984ರಲ್ಲಿ ಇಂತಹ ಪುಸ್ತಕವೊಂದರ ಕ್ರಮವನ್ನು ಪ್ರಕಟಿಸಿದರು. ಅದಕ್ಕೆ ಇಕೋಪಾತ್ ಎಂದು ಹೆಸರು. ವಿಲ್ಲಿ ಕ್ರಿಸ್ಟೆನ್ಸೆನ್, ಡೇನಿಯಲ್ ಪಾಲಿ ಮೊದಲಾದವರು ಅದನ್ನು ಬೆಳೆಸಿದರು. ಅದರ ತತ್ತ್ವವು ಯಾವ ಕಿರಾಣಿ ಅಂಗಡಿಯವನಿಗೂ ಅರ್ಥವಾಗುವಂಥದು.

ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಂದು ಚದರ ಕಿಲೋಮೀಟರ್ ಕಡಲಿನಲ್ಲಿ ವರ್ಷಕ್ಕೆ 10 ಟನ್ ಬೂತಾಯಿ ಹೊಸದಾಗಿ ಬೆಳೆಯುತ್ತದೆಂದು ಇಟ್ಟುಕೊಳ್ಳಿ. ಇದು ಜಮೆ. ಅಂಜಲ್ 4 ಟನ್ ತಿಂದಿತು. ಕೇದಾರ 2 ಟನ್ ತಿಂದಿತು. ಬಲೆಗೆ 3 ಟನ್ ಬಿದ್ದಿತು. ರೋಗ ಮುಪ್ಪುಗಳಿಂದ 1 ಟನ್ ಸತ್ತಿತು. ಇದು ಖರ್ಚು. ಎರಡೂ ಪಕ್ಕ ಸರಿದೂಗಿದವು. ಖರ್ಚು 12 ಟನ್ ಆಯಿತೆನ್ನಿ. ಇಲ್ಲದ ಮೀನನ್ನು ಯಾರೂ ತಿನ್ನಲಾರರಷ್ಟೆ. ಕಡಲಿನಲ್ಲಿ ಮೊದಲಿದ್ದ ದಾಸ್ತಾನು ಕರಗುತ್ತಿರಬೇಕು, ಇಲ್ಲವೇ ಅಳತೆಯಲ್ಲಿ ಎಲ್ಲಿಯೋ ತಪ್ಪಿರಬೇಕು. ಹೀಗೆ ಪ್ರತಿಯೊಂದು ಜೀವಿಗೂ ಒಂದೊಂದು ಪುಟ. ಬೂತಾಯಿಯ ಪುಟದಲ್ಲಿ ಖರ್ಚೆಂದು ಬರೆದದ್ದು ಅಂಜಲಿನ ಪುಟದಲ್ಲಿ ಜಮೆಯಾಗಿ ಕಾಣಿಸಿಕೊಳ್ಳಬೇಕು. ತಿಂದದ್ದೆಲ್ಲ ಮೈಗೆ ಹತ್ತುವುದೂ ಇಲ್ಲ. ಒಂದು ಮೆಟ್ಟಿಲಿನಿಂದ ಮೇಲಿನ ಮೆಟ್ಟಿಲಿಗೆ ದಾಟುವುದು ಸ್ಥೂಲವಾಗಿ ಹತ್ತರಲ್ಲಿ ಒಂದು ಪಾಲು. ಉಳಿದದ್ದು ಈಜುವುದರಲ್ಲಿ, ಉಸಿರಾಟದಲ್ಲಿ ವ್ಯಯವಾಗುತ್ತದೆ. ಸಾವಿರ ಕಿಲೋ ಪ್ಲವಕದಿಂದ ನೂರು ಕಿಲೋ ಬೂತಾಯಿ, ಅದರಿಂದ ಹತ್ತು ಕಿಲೋ ಅಂಜಲ್. ಅಂಗಡಿಯಲ್ಲಿ ಅಂಜಲಿನ ಬೆಲೆ ಏಕೆ ಅಷ್ಟೊಂದು ಎಂಬುದಕ್ಕೆ ಇಲ್ಲಿಯೂ ಒಂದು ಕಾರಣ ಸಿಕ್ಕಿತಲ್ಲವೆ?

ನಮ್ಮ ಕಡಲಿಗೂ ಇಂತಹ ಪುಸ್ತಕವುಂಟು. ಕೇಂದ್ರೀಯ ಸಾಗರ ಮತ್ಸ್ಯ ಸಂಶೋಧನಾ ಸಂಸ್ಥೆಯು 1947ರಲ್ಲಿ ಸ್ಥಾಪಿತವಾಯಿತು. ಕೊಚ್ಚಿಯಲ್ಲಿ ಅದರ ಮುಖ್ಯಕಚೇರಿಯಿದೆ, ಮಂಗಳೂರಿನಲ್ಲಿ ಒಂದು ಕೇಂದ್ರವಿದೆ. ಆ ಸಂಸ್ಥೆಯ ಕೆ.ಎಸ್. ಮೊಹಮದ್ ಮತ್ತು ಅವರ ಸಂಗಡಿಗರು ಕರ್ನಾಟಕದ ತೀರದಾಚೆಯ ಅರಬ್ಬೀ ಸಮುದ್ರದ ಜೀವಿಗಳನ್ನು ಇಪ್ಪತ್ತಕ್ಕೂ ಹೆಚ್ಚು ಗುಂಪುಗಳಾಗಿ ವಿಂಗಡಿಸಿ ಅವುಗಳ ಜಮಾಖರ್ಚನ್ನು 2008ರಲ್ಲಿ ಪ್ರಕಟಿಸಿದರು. ಯಾವ ಮೀನು ಯಾವುದನ್ನು ತಿನ್ನುತ್ತದೆಂಬುದು ಮೇಜಿನ ಮುಂದೆ ಕುಳಿತು ಊಹಿಸುವ ಸಂಗತಿಯಲ್ಲ. ಮೀನಿನ ಹೊಟ್ಟೆಯನ್ನು ಸೀಳಿ, ಜೀರ್ಣವಾಗದೆ ಉಳಿದ ತುಣುಕುಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಗುರುತಿಸಬೇಕು. ಇಂತಹ ಪುಸ್ತಕದ ಹಿಂದೆ ಸಾವಿರಾರು ಮೀನುಗಳ ಹೊಟ್ಟೆಗಳಿವೆ; ಅದನ್ನು ಬರೆದವರ ಮೂಗಿನ ಸಹನೆಯೂ ಇದೆ!

ಇನ್ನು ವಾಯುಗುಣದ ಮಾತು. 1951ರಿಂದ 2015ರವರೆಗಿನ ಅವಧಿಯಲ್ಲಿ ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ಮೈ ಉಷ್ಣತೆಯು ಸರಾಸರಿ ಸುಮಾರು 1 ಡಿಗ್ರಿ ಸೆಲ್ಸಿಯಸ್ ಏರಿತು. ಒಂದು ಡಿಗ್ರಿ ನಮಗೆ ಏನೂ ಅಲ್ಲವೆಂದು ತೋರಬಹುದು. ಆದರೆ ಮೀನಿಗೆ ನಮ್ಮಂತೆ ಮೈಯ ಉಷ್ಣತೆಯನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಶಕ್ತಿಯಿಲ್ಲ. ನೀರು ಬೆಚ್ಚಗಾದರೆ ಅದರ ಉಸಿರಾಟ ಹೆಚ್ಚುತ್ತದೆ, ಹಸಿವು ಹೆಚ್ಚುತ್ತದೆ. ಅದೇ ಹೊತ್ತಿಗೆ ಬೆಚ್ಚನೆಯ ನೀರಿನಲ್ಲಿ ಕರಗಿರುವ ಆಮ್ಲಜನಕವು ಕಡಮೆಯಾಗುತ್ತದೆ. ಮೇಲಿನ ಪದರವು ಹಗುರವಾಗಿ ಆಳದ ತಣ್ಣೀರಿನೊಡನೆ ಬೆರೆಯದೆ ನಿಂತರೆ ಪೋಷಕಗಳು ಮೇಲೆ ಬರುವುದಿಲ್ಲ. ಪ್ಲವಕದ ಪೈರು ಸೊರಗುತ್ತದೆ. ಹೀಗಾದಾಗ ಮೀನು ಏನು ಮಾಡೀತು? ಕೆಲವು ವಲಸೆ ಹೋಗುತ್ತವೆ. 1985ಕ್ಕೆ ಮೊದಲು ಬೂತಾಯಿಯು ಬಹುಮಟ್ಟಿಗೆ ಕೇರಳ ಮತ್ತು ದಕ್ಷಿಣ ಕರ್ನಾಟಕದ ತೀರಗಳ ಸೊತ್ತಾಗಿತ್ತು. ಅನಂತರ ಅದು ಉತ್ತರದ ತೀರಗಳಲ್ಲಿಯೂ ಪೂರ್ವ ಕರಾವಳಿಯಲ್ಲಿಯೂ ಹೇರಳವಾಗಿ ಬಲೆಗೆ ಬೀಳತೊಡಗಿತು. ಬಂಗುಡೆಯು ಮೇಲ್ಪದರವನ್ನು ಬಿಟ್ಟು ಆಳಕ್ಕೆ ಇಳಿಯುತ್ತಿದೆಯೆಂದೂ ಸಂಸ್ಥೆಯ ಇ. ವಿವೇಕಾನಂದನ್ ಮತ್ತು ಅವರ ಸಂಗಡಿಗರು ತೋರಿಸಿದರು.

ಇಕೋಪಾತ್‌ನ ಪುಸ್ತಕವು ಒಂದು ವರ್ಷದ ಲೆಕ್ಕವನ್ನು ಮಾತ್ರ ಹೇಳುತ್ತದೆ. ಕಾರ್ಲ್ ವಾಲ್ಟರ್ಸ್ ಎಂಬುವರು 1990ರ ದಶಕದಲ್ಲಿ ಅದಕ್ಕೆ ಕಾಲದ ಚಕ್ರವನ್ನು ಜೋಡಿಸಿದರು. ಪ್ರತಿಯೊಂದು ಮೀನಿಗೂ ಹಿತವಾದ ಉಷ್ಣತೆ ಎಷ್ಟು, ಅದನ್ನು ಮೀರಿದರೆ ಬೆಳವಣಿಗೆ ಎಷ್ಟು ಕುಗ್ಗುತ್ತದೆ ಎಂಬುದನ್ನು ರೇಖೆಯಾಗಿ ಬರೆದು ಗಣಕಯಂತ್ರಕ್ಕೆ ಒಪ್ಪಿಸಿದರೆ, ಅದು ಲೆಕ್ಕವನ್ನು ವರ್ಷದಿಂದ ವರ್ಷಕ್ಕೆ ಮುಂದಕ್ಕೆ ಒಯ್ಯುತ್ತದೆ. ನಮ್ಮ ಉದಾಹರಣೆಯಲ್ಲಿ ಬೂತಾಯಿಯ ಬೆಳವಣಿಗೆ 10 ಟನ್ನಿನಿಂದ 8 ಟನ್ನಿಗೆ ಇಳಿಯಿತೆನ್ನಿ. ಬಲೆಯು ತನ್ನ 3 ಟನ್ನನ್ನು ಬಿಡದೆ ವಸೂಲು ಮಾಡಿತು. ಉಪವಾಸ ಬಿದ್ದದ್ದು ಅಂಜಲ್ ಮತ್ತು ಕೇದಾರ. ಎರಡು ಮೂರು ವರ್ಷಗಳಲ್ಲಿ ಅವುಗಳ ಸಂಖ್ಯೆ ಇಳಿಯಿತು. ಇತ್ತ ಬೂತಾಯಿ ತಿನ್ನದೆ ಬಿಟ್ಟ ಪ್ಲವಕವನ್ನು ಲೋಳೆಮೀನಿನಂತಹ ಬೇರಾವುದೋ ಜೀವಿಯು ಆಕ್ರಮಿಸಿತು. ಬಲೆಯ ಪಾಲನ್ನು ಒಂದು ಟನ್ನಿಗೆ ಇಳಿಸಿದರೇನಾಗುತ್ತದೆ? ಕಡಲಿನಲ್ಲಿ ಹೀಗೆ ಪರೀಕ್ಷಿಸಿ ನೋಡುವುದು ಕಷ್ಟ. ಪುಸ್ತಕದಲ್ಲಿ ಎಷ್ಟು ಸಲ ಬೇಕಾದರೂ ನೋಡಬಹುದು. ಹೀಗೆ ‘ಇಂತಾದರೆ ಇಂತು’ ಎಂದು ಹೇಳುವುದಷ್ಟೇ ಮಾದರಿಯ ಕೆಲಸ. ಪಂಚಾಂಗ ನೋಡಿ ಭವಿಷ್ಯ ನುಡಿಯುವುದು ಅದರ ಕೆಲಸವಲ್ಲ.

ಮಾದರಿಯನ್ನು ನಂಬುವ ಮೊದಲು ಅದಕ್ಕೂ ಪರೀಕ್ಷೆಯುಂಟು. ಹಿಂದಿನ ಯಾವುದೋ ವರ್ಷದಿಂದ ಅದನ್ನು ಓಡಿಸಿ, ಈಗಾಗಲೇ ಆಗಿಹೋದುದನ್ನು ಅದು ಸರಿಯಾಗಿ ಹೇಳುತ್ತದೆಯೇ ಎಂದು ನೋಡುತ್ತಾರೆ. ಬೂತಾಯಿಯು ಕಠಿಣ ಪ್ರಶ್ನೆಪತ್ರಿಕೆಯನ್ನೇ ಒಡ್ಡಿದೆ. 2012ರಲ್ಲಿ ಕೇರಳದಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ದೊರೆಯಿತು. 2021ರಲ್ಲಿ ದೊರೆತದ್ದು 3,500 ಟನ್ನಿಗೂ ಕಡಮೆ. ಮುಂದಿನ ವರ್ಷಗಳಲ್ಲಿ ಅದು ಮತ್ತೆ ಚೇತರಿಸಿಕೊಂಡಿತು. 1994ರಲ್ಲಿಯೂ ಹೀಗೆಯೇ ಕುಸಿದು ಮತ್ತೆ ಎದ್ದಿತ್ತು. ಕೇವಲ ಬಿಸಿಯೇ ಕಾರಣವಾಗಿದ್ದರೆ ಅದು ಮರಳಿ ಬರಬಾರದಿತ್ತು. ಕೇವಲ ಬಲೆಯೇ ಕಾರಣವಾಗಿದ್ದರೆ, ಇಂದಿನಷ್ಟು ಯಂತ್ರದೋಣಿಗಳಿಲ್ಲದ 1940ರ ದಶಕದಲ್ಲಿ ಅದು ಕಾಣೆಯಾಗಬಾರದಿತ್ತು. 2015ರ ಎಲ್ ನಿನೋ ಕಡಲನ್ನು ಕಾಯಿಸಿತು. ಅದಕ್ಕೆ ಮೊದಲಿನ ಸುಗ್ಗಿಯ ವರ್ಷಗಳಲ್ಲಿ ಮರಿಗಳನ್ನೂ ಬಿಡದೆ ಬಾಚಿದ್ದರು. ಎರಡು ಪೆಟ್ಟುಗಳೂ ಒಟ್ಟಿಗೆ ಬಿದ್ದವೆಂಬುದೇ ವಿಜ್ಞಾನಿಗಳ ಅಭಿಪ್ರಾಯ. ಕೇರಳ ಸರ್ಕಾರವು 2015ರಲ್ಲಿ 10 ಸೆಂಟಿಮೀಟರಿಗಿಂತ ಚಿಕ್ಕ ಬೂತಾಯಿಯನ್ನು ಹಿಡಿಯಕೂಡದೆಂದು ವಿಧಿಸಿತು. ಕಡಲಿನ ಬಿಸಿಯನ್ನು ಒಂದು ರಾಜ್ಯವು ಆರಿಸಲಾರದು. ಬಲೆಯ ಕಣ್ಣನ್ನು ದೊಡ್ಡದು ಮಾಡಬಲ್ಲದು.

ಇಡೀ ಜಗತ್ತಿನ ಕಡಲುಗಳಿಗೂ ಮಾದರಿಗಳಿವೆ. ಹಲವು ದೇಶಗಳ ತಂಡಗಳು ತಮ್ಮ ಮಾದರಿಗಳನ್ನು ಒಟ್ಟಿಗೆ ಓಡಿಸಿ 2019ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಭೂಮಿಯು 1 ಡಿಗ್ರಿ ಬಿಸಿಯಾದಂತೆಲ್ಲ ಕಡಲಿನ ಪ್ರಾಣಿಗಳ ಒಟ್ಟು ತೂಕವು ಸರಾಸರಿ ಶೇಕಡ 5ರಷ್ಟು ಇಳಿಯುತ್ತದೆ. ಆದರೆ ಇಂತಹ ಮಾದರಿಗಳು ಕಡಲನ್ನು ಸುಮಾರು 110 ಕಿಲೋಮೀಟರ್ ಉದ್ದಗಲದ ಚೌಕಗಳಾಗಿ ಕತ್ತರಿಸಿ ಲೆಕ್ಕ ಹಾಕುತ್ತವೆ. ಕರ್ನಾಟಕದ ಕರಾವಳಿಯ ಉದ್ದವೇ ಸುಮಾರು 300 ಕಿಲೋಮೀಟರ್. ಕಾರವಾರದಿಂದ ಉಳ್ಳಾಲದವರೆಗಿನ ನಮ್ಮ ಕಡಲೆಲ್ಲವೂ ಆ ನಕ್ಷೆಯಲ್ಲಿ ಮೂರೇ ಮನೆಗಳ ಚೌಕಾಬಾರ! ಬೂತಾಯಿ ಮೇಯುವುದೋ ತೀರಕ್ಕೆ ಅಂಟಿದ ಕಿರಿದಾದ ಪಟ್ಟಿಯಲ್ಲಿ. ಒಂದು ಚೌಕಕ್ಕೆ ಒಂದೇ ಉಷ್ಣತೆಯನ್ನು ಬರೆದರೆ ಆ ಪಟ್ಟಿಯ ತಣ್ಣೀರು ಸರಾಸರಿಯಲ್ಲಿ ಕರಗಿಹೋಗುತ್ತದೆ. ಆದುದರಿಂದ ಜಗತ್ತಿನ ಲೆಕ್ಕವನ್ನು ಮಲ್ಪೆಯ ದೋಣಿಯವನಿಗೆ ಹಾಗೆಯೇ ಒಪ್ಪಿಸುವುದು ಸಲ್ಲದು. ಅವನಿಗೆ ಅವನ ಕಡಲಿನದೇ ಪುಸ್ತಕ ಬೇಕು.

ಆ ಪುಸ್ತಕದ ಮೊದಲ ಅಕ್ಷರ ಬೀಳುವುದು ಗಣಕಯಂತ್ರದಲ್ಲಲ್ಲ, ಮಂಗಳೂರಿನ ದಕ್ಕೆಯಂತಹ ಸ್ಥಳಗಳಲ್ಲಿ. ದೋಣಿಗಳು ಬಂದು ಬುಟ್ಟಿಗಳು ಇಳಿಯುವ ಹೊತ್ತಿಗೆ ಸಂಸ್ಥೆಯ ನೌಕರನೊಬ್ಬನು ಹರಾಜಿನ ಗದ್ದಲದ ನಡುವೆ ನಿಂತು, ಎಷ್ಟು ದೋಣಿ, ಯಾವ ಬಲೆ, ಯಾವ ಮೀನು, ಉದ್ದವೆಷ್ಟು, ತೂಕವೆಷ್ಟು ಎಂದು ಬರೆದುಕೊಳ್ಳುತ್ತಾನೆ. ಜೂನ್ 1ರಿಂದ ಜುಲೈ 31ರವರೆಗೆ ಕರ್ನಾಟಕದಲ್ಲಿ ಯಂತ್ರದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ ದಿನಗಳಲ್ಲಿ ಅವುಗಳ ಪುಟಗಳು ಖಾಲಿಯಿರುತ್ತವೆ. ಮೇಲೇಳುವ ತಣ್ಣೀರಿನಲ್ಲಿ ಬೂತಾಯಿ ಮೊಟ್ಟೆಯಿಡುವುದೂ ಆ ಮಳೆಯ ದಿನಗಳಲ್ಲಿಯೇ. ಆಗಸ್ಟ್ ತಿಂಗಳು ಹುಟ್ಟಿ ದೋಣಿಗಳು ಹೊರಟೊಡನೆ ಅವನು ಅಳತೆಯ ಪಟ್ಟಿಯನ್ನು ತೊಳೆದುಕೊಂಡು ಮತ್ತೆ ದಕ್ಕೆಗೆ ಬರುತ್ತಾನೆ.