ಬೇಲಿಯ ಹಣ್ಣು, ಭರಣಿಯ ರಸಾಯನ

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಹೊಲಕ್ಕೂ ಹೊಲಕ್ಕೂ ನಡುವೆ, ಹೊಲಕ್ಕೂ ಹಾದಿಗೂ ನಡುವೆ ಹಬ್ಬಿರುವ ಹಸುರು ಬೇಲಿಗಳಲ್ಲಿ, ಯಾರೂ ನೆಡದೆ, ಯಾರೂ ನೀರೆರೆಯದೆ, ಕಡಿದಷ್ಟೂ ಹಟದಿಂದ ಚಿಗುರುವ ಮುಳ್ಳುಪೊದೆಯೊಂದುಂಟು. ಆಗಸ್ಟ್ ತಿಂಗಳಿಂದ ಅಕ್ಟೋಬರಿನ ಮೊದಲ ದಿನಗಳವರೆಗೆ ಅದರಲ್ಲಿ ತೂಗುವ ಕರಿಯ ಹಣ್ಣೇ ಬ್ಲ್ಯಾಕ್‌ಬೆರಿ. ಇದನ್ನು ಆಯ್ದು ತಿನ್ನುವುದು ಯೂರೋಪಿನಲ್ಲಿ ಬಹು ಪ್ರಾಚೀನವಾದ ರೂಢಿ. ಡೆನ್ಮಾರ್ಕಿನ ಹರಾಲ್ಡ್‌ಸ್ಕೇರ್ ಎಂಬಲ್ಲಿ 1835ರಲ್ಲಿ ಜೌಗುನೆಲದಿಂದ ಹೊರತೆಗೆದ, ಕ್ರಿಸ್ತಪೂರ್ವ ಐದನೆಯ ಶತಮಾನದ ಸ್ತ್ರೀಶವವೊಂದರ ಜಠರದಲ್ಲಿ ಧಾನ್ಯದೊಡನೆ ಈ ಹಣ್ಣಿನ ಅವಶೇಷಗಳೂ ದೊರೆತಿವೆ. ಇಂದಿಗೂ ಇಂಗ್ಲೆಂಡಿನ 1968ರ ಕಳವಿನ ಕಾಯಿದೆಯು, ತಾನಾಗಿ ಬೆಳೆದ ಗಿಡದ ಹಣ್ಣನ್ನು ಮಾರುವ ಉದ್ದೇಶವಿಲ್ಲದೆ ಕೊಯ್ದವನನ್ನು ಕಳ್ಳನೆಂದು ಎಣಿಸುವುದಿಲ್ಲ.

ಕೊಯ್ಯುವುದು ಸುಲಭ; ಕೊಯ್ದದ್ದನ್ನು ಕಾಪಾಡುವುದು ಹಾಗಲ್ಲ. ಬ್ಲ್ಯಾಕ್‌ಬೆರಿ ನೋಟಕ್ಕೆ ಒಂದೇ ಹಣ್ಣಾದರೂ ಸಸ್ಯಶಾಸ್ತ್ರದ ದೃಷ್ಟಿಯಲ್ಲಿ ಹಲವು ಕಿರುಹಣ್ಣುಗಳ ಸಮೂಹ: ಒಂದೇ ಹೂವಿನ ಬೇರೆಬೇರೆ ಅಂಡಾಶಯಗಳು, ತನ್ನದೇ ತೆಳುಸಿಪ್ಪೆ, ತನ್ನದೇ ರಸ, ತನ್ನದೇ ಗಟ್ಟಿಬೀಜವುಳ್ಳ ಒಂದೊಂದು ಮಣಿಯಾಗಿ ಉಬ್ಬಿ, ನಡುವಣ ಪುಷ್ಪಪೀಠಕ್ಕೆ ಅಂಟಿಕೊಂಡಿರುತ್ತವೆ. ಇಡೀ ಸಮೂಹವನ್ನು ಹೊದೆದು ಕಾಯುವ ದಪ್ಪ ತೊಗಟೆಯೊಂದಿಲ್ಲದ ಕಾರಣ, ಬುಟ್ಟಿಯ ಮೇಲ್ಪದರದ ಭಾರಕ್ಕೆ ಕೆಳಗಿನ ಮಣಿಗಳು ಒಡೆಯುವುವು. ಒಸರಿದ ಸಿಹಿರಸದಲ್ಲಿ ಬೊಟ್ರೈಟಿಸ್ ಎಂಬ ಬೂದುಬಣ್ಣದ ಬೂಷ್ಟು ಬೇಗನೆ ಬೇರೂರುವುದು. ತಣ್ಣನೆಯ ಪೆಟ್ಟಿಗೆಯಲ್ಲಿಟ್ಟರೂ ಎರಡು ಮೂರು ದಿನಗಳಿಗೆ ಮಿಗಿಲಾಗಿ ಇದರ ಮೇಲೆ ಭರವಸೆಯಿಡುವಂತಿಲ್ಲ. ಮೇಲಾಗಿ, ಇದು ಕೊಯ್ದ ಮೇಲೆ ಮಾಗುವ ಜಾತಿಯದಲ್ಲ. ಕೆಂಪಾಗಿರುವಾಗ ಕಿತ್ತದ್ದು ಹುಳಿಯಾಗಿಯೇ ಕೊಳೆಯುವುದು.

ಆದಕಾರಣ ಸಂರಕ್ಷಣೆಯ ವಿದ್ಯೆ ಪೊದೆಯ ಬಳಿಯಲ್ಲಿಯೇ ಪ್ರಾರಂಭವಾಗತಕ್ಕದ್ದು. ಗೊಂಚಲಿನ ತುದಿಯ ಹಣ್ಣು ಎಲ್ಲಕ್ಕಿಂತ ಮೊದಲು ಮಾಗುವುದು; ಗಾತ್ರದಲ್ಲಿಯೂ ಸಿಹಿಯಲ್ಲಿಯೂ ಅದೇ ಶ್ರೇಷ್ಠ. ಅದನ್ನು ಅಲ್ಲಿಯೇ ನಿಂತು ತಿನ್ನುವುದೇ ಅದಕ್ಕೆ ಸಲ್ಲಿಸಬಹುದಾದ ಗೌರವವೆಂದು ನನ್ನ ಮತ. ವಾರಗಳ ತರುವಾಯ ಮಾಗುವ ಸಣ್ಣ, ಬೀಜಬಹುಳವಾದ ಹಣ್ಣುಗಳು ಒಲೆಗೆ ಸಲ್ಲುವಂಥವು. ಬ್ರಿಟನ್ನಿನಲ್ಲಿ ಈ ಸಸ್ಯದ ಮುನ್ನೂರಕ್ಕೂ ಹೆಚ್ಚು ಸೂಕ್ಷ್ಮಪ್ರಭೇದಗಳನ್ನು ಗುರುತಿಸಿದ್ದಾರೆ. ಪರಾಗದಿಂದ ಗರ್ಭಾಂಕುರವಾಗದೆಯೇ ಬೀಜ ಕಟ್ಟುವ ಸ್ವಭಾವ ಇದಕ್ಕಿರುವುದರಿಂದ ಒಂದೊಂದು ವಂಶವೂ ತನ್ನ ಲಕ್ಷಣವನ್ನು ತಾನೇ ಕಾಪಾಡಿಕೊಂಡು ಬಂದಿದೆ. (ರೂಬಸ್ ಎಂಬ ಇದೇ ಕುಲದ ಮುಳ್ಳುಗಿಡಗಳು ನಮ್ಮ ಪಶ್ಚಿಮಘಟ್ಟದ ಎತ್ತರದ ಕಾಡಂಚುಗಳಲ್ಲಿಯೂ ಉಂಟು.) ಹೀಗಾಗಿ ಹತ್ತು ಹೆಜ್ಜೆಯ ಅಂತರದಲ್ಲಿ ಒಂದು ಪೊದೆ ಜೇನಿನಂತೆ, ಇನ್ನೊಂದು ಸಪ್ಪೆಯಾಗಿ ಇರುವುದು ವಿಚಿತ್ರವಲ್ಲ, ಪ್ರತಿ ಪೊದೆಯಲ್ಲಿಯೂ ಒಂದು ಹಣ್ಣನ್ನು ರುಚಿನೋಡದೆ ಬುಟ್ಟಿ ತುಂಬುವುದು ಜಾಣತನವಲ್ಲ.

ಸೆಪ್ಟೆಂಬರ್ 29ರ ಸಂತ ಮೈಕೇಲನ ಹಬ್ಬ ಕಳೆದ ಮೇಲೆ ಈ ಹಣ್ಣನ್ನು ಮುಟ್ಟಲಾಗದೆಂದು ಅಲ್ಲಿನ ಹಿರಿಯರ ಕಟ್ಟಳೆ. ಸ್ವರ್ಗದಿಂದ ತಳ್ಳಿಸಿಕೊಂಡ ಸೈತಾನನು ಈ ಮುಳ್ಳುಪೊದೆಯ ಮೇಲೆಯೇ ಬಿದ್ದು, ಅಂದಿನಿಂದ ವರ್ಷಕ್ಕೊಮ್ಮೆ ಬಂದು ಹಣ್ಣಿಗೆ ಉಗುಳುತ್ತಾನಂತೆ. ಸೈತಾನನನ್ನು ಬದಿಗಿರಿಸಿದರೂ ಕಟ್ಟಳೆಯು ಉಳಿದು ನಿಲ್ಲುತ್ತದೆ: ಬಿಸಿಲು ಕುಗ್ಗಿ ಸಕ್ಕರೆ ಕಡಮೆಯಾಗಿ, ತೇವ ಹೆಚ್ಚಿ ಬೂಷ್ಟು ಬಲಿಯುವ ಕಾಲವದು. ವಾಹನಗಳು ದಟ್ಟವಾಗಿ ಓಡುವ ರಸ್ತೆಯಂಚಿನ ಹಣ್ಣೂ ವರ್ಜ್ಯವೇ. ಅಮೆರಿಕದ ಸಿಯಾಟಲ್ ಸುತ್ತಣ ಕನ್ನಡಿಗರು ತಮ್ಮ ಕಾಲುದಾರಿಗಳಲ್ಲಿ ಕಾಣುವ ‘ಹಿಮಾಲಯನ್’ ಬ್ಲ್ಯಾಕ್‌ಬೆರಿ ಆರ್ಮೇನಿಯದ ಕಡೆಯ ಸಸ್ಯ. ಅದು ಅಲ್ಲಿ ಹಾವಳಿಯ ಕಳೆಯೆನಿಸಿಕೊಂಡಿರುವುದರಿಂದ, ಅದಕ್ಕೆ ಕಳೆನಾಶಕ ಸಿಂಪಡಿಸಿರಬಹುದೆಂಬ ಎಚ್ಚರವೂ ಅವಶ್ಯ. ಮನೆಗೆ ತಂದ ಹಣ್ಣನ್ನು ಉಪ್ಪುನೀರಿನಲ್ಲಿ ಕೆಲವು ನಿಮಿಷ ಮುಳುಗಿಸಿದರೆ ಒಳಗಿನ ಮರಿಹುಳುಗಳು ಹೊರಬರುವುವು. 2012ರಲ್ಲಿ ಬ್ರಿಟನ್ನಿಗೆ ಕಾಲಿಟ್ಟ, ಮಾಗುವ ಹಣ್ಣನ್ನೇ ಸೀಳಿ ಮೊಟ್ಟೆಯಿಡುವ ಡ್ರೊಸೊಫಿಲಾ ಸುಜುಕಿ ಎಂಬ ನೊಣದ ದೆಸೆಯಿಂದ ಈ ಸ್ನಾನಕ್ಕೆ ಈಗ ಮೊದಲಿಗಿಂತ ಹೆಚ್ಚಿನ ಮಹತ್ವ ಬಂದಿದೆ.

ಮುಂದಿನದು ಸಂರಕ್ಷಣೆ. ಇಲ್ಲಿ ಮೊದಲೇ ಒಪ್ಪಿಕೊಳ್ಳಬೇಕಾದ ತತ್ತ್ವವೆಂದರೆ, ಹಣ್ಣಿನ ರೂಪ, ಪರಿಮಳ, ವರ್ಣ, ರುಚಿ ನಾಲ್ಕನ್ನೂ ಒಟ್ಟಿಗೆ ಉಳಿಸುವ ಉಪಾಯವೊಂದೂ ಇಲ್ಲ. ಪ್ರತಿಯೊಂದು ವಿಧಾನವೂ ಕೆಲವನ್ನು ಬಲಿಗೊಟ್ಟು ಕೆಲವನ್ನು ಕೊಳ್ಳುತ್ತದೆ. ಹೆಪ್ಪುಗಟ್ಟಿಸಿದರೆ ಪರಿಮಳವೂ ರುಚಿಯೂ ಬಹುಮಟ್ಟಿಗೆ ಉಳಿಯುವುವು, ರೂಪ ಹೋಗುವುದು: ನಿಧಾನವಾಗಿ ತಣಿಯುವ ಜೀವಕೋಶದಲ್ಲಿ ಹಿಮದ ಹರಳುಗಳು ದೊಡ್ಡವಾಗಿ ಬೆಳೆದು ಕೋಶಭಿತ್ತಿಯನ್ನು ಸೀಳುವುದರಿಂದ, ಕರಗಿದ ಹಣ್ಣು ಮುದ್ದೆಯಾಗುತ್ತದೆ. ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ, ಶೂನ್ಯಕ್ಕಿಂತ 18 ಡಿಗ್ರಿ ಕೆಳಗಿನ ಶೈತ್ಯದಲ್ಲಿ ಬೇಗನೆ ಗಟ್ಟಿಮಾಡಿ, ಬಳಿಕ ಚೀಲಕ್ಕೆ ತುಂಬಿದರೆ ಈ ಹಾನಿ ಕಡಮೆ. ಸೇಬಿನೊಡನೆ ಬೇಯಿಸುವ ಕ್ರಂಬಲ್ ಮುಂತಾದ ಭಕ್ಷ್ಯಗಳಿಗೆ ಇಂಥ ಹಣ್ಣೇ ಸಾಕು. ಒಣಗಿಸುವುದನ್ನು ನಾನು ಯಾರಿಗೂ ಸೂಚಿಸಲಾರೆ. ರಸ ಹೋದ ಮೇಲೆ ಉಳಿಯುವುದು ಬೀಜವೇ.

ಆದರೆ ರಸಾಯನದ ನಿಜವಾದ ಸೊಬಗನ್ನು ಕಾಣಬೇಕಾದರೆ ಜ್ಯಾಮಿನ ಪಾತ್ರೆಯನ್ನೇ ನೋಡಬೇಕು. ಹಣ್ಣಿನ ಕೋಶಭಿತ್ತಿಗಳನ್ನು ಬೆಸೆದಿರುವ ಪೆಕ್ಟಿನ್ ಎಂಬ ಉದ್ದವಾದ ಅಣುಗಳು ಕುದಿಯುವಾಗ ನೀರಿಗೆ ಬಿಡುಗಡೆಯಾಗುತ್ತವೆ. ಆದರೆ ಅವು ಋಣವಿದ್ಯುತ್ತನ್ನು ಹೊತ್ತಿರುವುದರಿಂದ ಒಂದನ್ನೊಂದು ದೂರ ತಳ್ಳುವುವು, ನೀರಿನ ಅಣುಗಳೂ ಅವನ್ನು ಸುತ್ತುವರಿದು ಬೇರೆಯಾಗಿಯೇ ಇರಿಸುವುವು. ಆಮ್ಲವು ಆ ವಿದ್ಯುತ್ತನ್ನು ಶಮನಗೊಳಿಸುತ್ತದೆ. ಸಕ್ಕರೆಯು ಆ ನೀರನ್ನು ತನ್ನೆಡೆಗೆ ಸೆಳೆದುಕೊಳ್ಳುತ್ತದೆ. ಆಗ ಪೆಕ್ಟಿನ್ನಿನ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು, ರಸವನ್ನೆಲ್ಲ ತಮ್ಮ ಬಲೆಯಲ್ಲಿ ಹಿಡಿದು ನಿಲ್ಲಿಸುತ್ತವೆ. ಉಪ್ಪಿನಕಾಯಿಯಲ್ಲಿ ಉಪ್ಪು ಮಾಡುವ ಕೆಲಸವನ್ನೂ ಇಲ್ಲಿ ಸಕ್ಕರೆಯೇ ಮಾಡುತ್ತದೆ: ನೀರು ಇದ್ದರೂ ಸೂಕ್ಷ್ಮಜೀವಿಗಳ ಪಾಲಿಗೆ ಅದು ದಕ್ಕದಂತಾಗುತ್ತದೆ. ಪಾಕವು 104ರಿಂದ 105 ಡಿಗ್ರಿ ಸೆಲ್ಸಿಯಸ್ಸಿಗೆ ಏರಿದಾಗ ಅದರಲ್ಲಿ ಸಕ್ಕರೆಯು ನೂರಕ್ಕೆ ಸುಮಾರು 65 ಪಾಲಿನಷ್ಟಿರುವುದು. ಅದೇ ಇಳಿಸುವ ಕಾಲ. ತಣ್ಣನೆಯ ತಟ್ಟೆಯ ಮೇಲೆ ಒಂದು ಹನಿಯಿಟ್ಟು ಬೆರಳಿಂದ ತಳ್ಳಿದಾಗ ಮೇಲ್ಮೈ ಸುಕ್ಕುಗಟ್ಟುವುದೆಂಬ ಹಳ್ಳಿಯ ಹೆಂಗಸರ ಪರೀಕ್ಷೆ ತಾಪಮಾಪಕಕ್ಕಿಂತ ಕೀಳಲ್ಲ.

ಬ್ಲ್ಯಾಕ್‌ಬೆರಿಯ ದೌರ್ಬಲ್ಯವೆಂದರೆ ಅದರಲ್ಲಿ ಪೆಕ್ಟಿನ್ ಯಥೇಷ್ಟವಾಗಿಲ್ಲ, ಇದ್ದದ್ದನ್ನೂ ಮಾಗುವ ಹಣ್ಣಿನ ಕಿಣ್ವಗಳು ತುಂಡರಿಸುತ್ತ ಬರುವುವು. ಬುಟ್ಟಿಯಲ್ಲಿ ಒಂದಿಷ್ಟು ಕೆಂಪುಹಣ್ಣನ್ನೂ ಸೇರಿಸುವ, ಇಲ್ಲವೆ ಹುಳಿಸೇಬನ್ನು ಕೂಡಿಸಿ ಬೇಯಿಸುವ ಪದ್ಧತಿಗೆ ಇದೇ ಕಾರಣ. ಪೆಕ್ಟಿನ್, ಆಮ್ಲ ಎರಡರಲ್ಲಿಯೂ ಸೇಬು ಸಂಪನ್ನ. ಅನುಮಾನವಿದ್ದಲ್ಲಿ ಒಂದು ಚಮಚ ರಸಕ್ಕೆ ಮೂರು ಚಮಚ ಮೆಥಿಲೇಟೆಡ್ ಸ್ಪಿರಿಟ್ ಬೆರಸಿ ನೋಡುವುದುಂಟು: ರಸ ಒಂದೇ ಗಡ್ಡೆಯಾದರೆ ಪೆಕ್ಟಿನ್ ಸಾಕಷ್ಟಿದೆ, ಚೂರುಚೂರಾದರೆ ಸಾಲದು. (ಆ ಮಿಶ್ರಣ ವಿಷ, ಚೆಲ್ಲಿಬಿಡಬೇಕು.) ಸಕ್ಕರೆಯನ್ನು ಹಣ್ಣು ಚೆನ್ನಾಗಿ ಬೆಂದ ಮೇಲೆ ಹಾಕುವುದು ಲೇಸು, ಮೊದಲೇ ಹಾಕಿದರೆ ಸಿಪ್ಪೆ ಬಿರುಸಾಗುವುದು. ಬೀಜಗಳ ಕಿರುಕುಳವನ್ನು ಸಹಿಸದವರಿಗೆ, ಮತ್ತು ಆ ಗುಂಪಿನಲ್ಲಿ ನಾನೂ ಒಬ್ಬ, ಬ್ರ್ಯಾಂಬಲ್ ಜೆಲ್ಲಿಯೇ ಉತ್ತಮ ಗತಿ: ಬೆಂದ ಹಣ್ಣನ್ನೂ ಸೇಬನ್ನೂ ಬಟ್ಟೆಯ ಚೀಲದಲ್ಲಿ ರಾತ್ರಿಯಿಡೀ ತೂಗುಹಾಕಿ, ಹಿಂಡದೆ, ತಾನಾಗಿ ಇಳಿದ ರಸವನ್ನು ಮಾತ್ರ ಸಕ್ಕರೆಯೊಡನೆ ಕುದಿಸುವುದು. ಆತುರದಿಂದ ಹಿಂಡಿದರೆ ಜೆಲ್ಲಿ ಮಬ್ಬಾಗುವುದು. ಎರಡನೆಯ ಮಹಾಯುದ್ಧದಲ್ಲಿ, 1940ರಿಂದ ಸಕ್ಕರೆ ಪಡಿತರಕ್ಕೆ ಒಳಪಟ್ಟಿದ್ದಾಗಲೂ, ಅಲ್ಲಿನ ವಿಮೆನ್ಸ್ ಇನ್ಸ್ಟಿಟ್ಯೂಟ್ ಎಂಬ ಮಹಿಳಾಸಂಘಕ್ಕೆ ಸರ್ಕಾರವು ಪ್ರತ್ಯೇಕವಾಗಿ ಸಕ್ಕರೆಯನ್ನು ಒದಗಿಸಿ ಹಳ್ಳಿಹಳ್ಳಿಗಳಲ್ಲಿ ತೋಟದ ಮತ್ತು ಬೇಲಿಯ ಹಣ್ಣುಗಳನ್ನು ಭರಣಿಗೇರಿಸಿತು.

ಜ್ಯಾಮು ರುಚಿಯನ್ನು ಉಳಿಸುವುದಾದರೂ ಹಸಿಹಣ್ಣಿನ ಪರಿಮಳ ಅದರ ಉಗಿಯೊಡನೆ ಹಾರಿಹೋಗುವುದು. ಅದು ಬೇಕೆನ್ನುವವರಿಗೆ ಉಳಿದಿರುವ ದಾರಿ ವಿನೆಗರ್. ಹಣ್ಣು ಮುಳುಗುವಷ್ಟು ವಿನೆಗರನ್ನು ಸುರಿದು, ಕೆಲವು ದಿನ ನೆನೆಯಿಸಿ, ಸೋಸಿ, ಸಕ್ಕರೆ ಹಾಕಿ ಸ್ವಲ್ಪವೇ ಕುದಿಸಿದರೆ ಮಾಣಿಕ್ಯವರ್ಣದ ಪಾನಕಸಾರ ಸಿದ್ಧವಾಗುವುದು. ಹಣ್ಣಿಗೆ ಕಪ್ಪನ್ನು ಕೊಡುವ ಆಂಥೊಸಯನಿನ್ ಎಂಬ ವರ್ಣದ್ರವ್ಯವು ಆಮ್ಲದಲ್ಲಿ ಕೆಂಪಾಗಿ ಸ್ಥಿರವಾಗಿ ನಿಲ್ಲುತ್ತದೆ. ಆಮ್ಲ ತಗ್ಗಿದರೆ ನೀಲಿಯ ಕಡೆಗೆ ಹೊರಳಿ ಬೇಗ ನಶಿಸುತ್ತದೆ. ಬೆಳಕೂ ಅದಕ್ಕೆ ಶತ್ರುವೇ ಆದಕಾರಣ ಸೀಸೆಯನ್ನು ಕಪಾಟಿನೊಳಗೆ ಇಡತಕ್ಕದ್ದು. ಬಿಸಿನೀರಿಗೆ ಇದನ್ನು ಬೆರಸಿ ಕೆಮ್ಮಿಗೆ ಕುಡಿಸುವ ವಾಡಿಕೆ ಅಲ್ಲಿನ ಅಜ್ಜಿಯರದು; ಕೆಮ್ಮು ಅದರಿಂದ ಇಳಿಯುವುದೋ ಇಲ್ಲವೋ, ಔಷಧ ಬೇಡವೆಂದು ಅಳುವ ಮಗುವಂತೂ ಇರಲಾರದು.