ಪರರಾಜ್ಯದಲ್ಲಿ ಓದುವ ಮಕ್ಕಳಿಗೆ ಪ್ರತಿಭಾ ವಿದ್ಯಾರ್ಥಿವೇತನ



ಪಿ.ಯು. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದ ನಿಮ್ಮ ಮಗನಿಗೋ ಮಗಳಿಗೋ ಕೊಲ್ಹಾಪುರದಲ್ಲಿಯೋ ಹೈದರಾಬಾದಿನಲ್ಲಿಯೋ ಕಾಲೇಜು ಸೀಟು ಸಿಕ್ಕಿದೆ ಎನ್ನಿ. ರಾಜ್ಯದ ಗಡಿ ದಾಟಿದರೆ ಸರ್ಕಾರದ ವಿದ್ಯಾರ್ಥಿವೇತನ ತಪ್ಪಿಹೋಗುವುದೆಂದು ಹೆದರಿ ಆ ಸೀಟನ್ನು ಬಿಡಬೇಡಿ. ಮೊದಲು ನಿಯಮವನ್ನು ತಿಳಿದುಕೊಳ್ಳಿ.

ಕಾಲೇಜು ವಿದ್ಯಾರ್ಥಿಗಳಿಗಾಗಿ ಕೇಂದ್ರ ಸರ್ಕಾರದ ಪ್ರತಿಭಾ ವಿದ್ಯಾರ್ಥಿವೇತನವೊಂದಿದೆ. ಇದರಲ್ಲಿ ವರ್ಷಕ್ಕೆ ಹೊಸದಾಗಿ 82,000 ಮಂದಿಗೆ ಅವಕಾಶ. ಅರ್ಧ ಪಾಲು ಹೆಣ್ಣುಮಕ್ಕಳಿಗೆ ಮೀಸಲು. 2022-23ರಲ್ಲಿ ಪರಿಷ್ಕರಿಸಿದ ದರದಂತೆ ಪದವಿಯ ಮೊದಲ ಮೂರು ವರ್ಷ ತಲಾ 12,000 ರೂಪಾಯಿ, ಸ್ನಾತಕೋತ್ತರ ಓದಿಗೆ ವರ್ಷಕ್ಕೆ 20,000 ರೂಪಾಯಿ. ಕುಟುಂಬದ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷ ಮೀರಿರಬಾರದು.

ಇಲ್ಲಿ ಮುಖ್ಯವಾದುದು ಕಾಲೇಜು ಇರುವ ಊರಲ್ಲ, ಹನ್ನೆರಡನೆಯ ತರಗತಿ ಪಾಸಾದ ಬೋರ್ಡು. ಈ ವೇತನಗಳನ್ನು ರಾಜ್ಯಗಳಿಗೆ 18ರಿಂದ 25 ವರ್ಷದವರ ಜನಸಂಖ್ಯೆಯಂತೆ ಹಂಚಿ, ಆಯಾ ಬೋರ್ಡಿನ ಫಲಿತಾಂಶದ ಮೇಲೆ ಪಟ್ಟಿ ಮಾಡುತ್ತಾರೆ. ನಮ್ಮ ರಾಜ್ಯದ ಬೋರ್ಡಿನಲ್ಲಿ ಪಾಸಾದವರು ಎಲ್ಲಿ ಓದಿದರೂ ನಮ್ಮ ಬೋರ್ಡಿನ ಪಟ್ಟಿಯಲ್ಲೇ ಇರುತ್ತಾರೆ.

ದುಡಿಮೆಗಾಗಿ ಮನೆಮಂದಿಯೆಲ್ಲ ವಲಸೆ ಹೋಗಿ, ಮಗು ಅಲ್ಲಿನ ಬೋರ್ಡಿನಲ್ಲೇ ಹನ್ನೆರಡನೆಯ ತರಗತಿ ಮುಗಿಸಿದರೆ ಮಾತು ಬೇರೆ. ಆಗ ಅದನ್ನು ಅಲ್ಲಿನ ಮಕ್ಕಳೊಡನೆ ಹೋಲಿಸುತ್ತಾರೆ. ಅರ್ಹತೆ ಹೋಗುವುದಿಲ್ಲ, ಪಟ್ಟಿ ಮಾತ್ರ ಬದಲಾಗುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ ಅಂಕಗಳ ಬಗ್ಗೆ. ನೂರಕ್ಕೆ ಎಂಬತ್ತು ಅಂಕ ಬಂದರೆ ಸಾಕೆಂದು ಹಲವರು ನಂಬಿದ್ದಾರೆ. ನಿಯಮ ಹಾಗಿಲ್ಲ. ತಮ್ಮ ಬೋರ್ಡಿನಲ್ಲಿ, ತಮ್ಮ ವಿಭಾಗದಲ್ಲಿ ತೇರ್ಗಡೆಯಾದ ನೂರು ಮಂದಿಯಲ್ಲಿ ಮೇಲಿನ ಇಪ್ಪತ್ತು ಮಂದಿಯೊಳಗೆ ಬರಬೇಕು. ಅವರಲ್ಲಿಯೂ ಇರುವ ಪಾಲಿಗೆ ತಕ್ಕಂತೆ ಆಯ್ಕೆ ನಡೆಯುತ್ತದೆ.

ನೆನಪಿಡಬೇಕಾದ ಮಾತುಗಳು:

1. ರಾಜ್ಯದ ಬೇರೆ ವಿದ್ಯಾರ್ಥಿವೇತನವನ್ನಾಗಲಿ ಶುಲ್ಕ ವಿನಾಯಿತಿಯನ್ನಾಗಲಿ ಪಡೆಯುತ್ತಿರುವವರು ಇದನ್ನೂ ಪಡೆಯುವಂತಿಲ್ಲ. ಎರಡನ್ನೂ ತೂಗಿ ನೋಡಿ ಒಂದನ್ನು ಆರಿಸಿಕೊಳ್ಳಿ.

2. ಅಂಚೆ ಶಿಕ್ಷಣಕ್ಕೂ ಡಿಪ್ಲೊಮಾ ಓದಿಗೂ ಇದು ಸಿಗದು. ಸೇರುವ ಕಾಲೇಜು ಮಾನ್ಯತೆ ಪಡೆದುದೇ ಎಂದು ಮೊದಲೇ ವಿಚಾರಿಸಿ.

3. ಇದು ಒಮ್ಮೆ ಬಂದರೆ ತಾನಾಗಿ ಮುಂದುವರಿಯುವುದಿಲ್ಲ. ಪ್ರತಿ ವರ್ಷ ನವೀಕರಿಸಬೇಕು. ಅದಕ್ಕೆ ಶೇಕಡ 50 ಅಂಕ ಮತ್ತು ಶೇಕಡ 75 ಹಾಜರಿ ಬೇಕು.

4. ಅರ್ಜಿಯನ್ನು ಕೇಂದ್ರದ ರಾಷ್ಟ್ರೀಯ ವಿದ್ಯಾರ್ಥಿವೇತನ ಜಾಲತಾಣದಲ್ಲಿ ಹಾಕಬೇಕು. ಮೊದಲು ಕಾಲೇಜು, ಬಳಿಕ ಬೋರ್ಡು ಅದನ್ನು ಪರಿಶೀಲಿಸುತ್ತವೆ. ಪರಊರಿನ ಕಾಲೇಜಿನವರು ತಡಮಾಡಿದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಆದ್ದರಿಂದ ಅರ್ಜಿ ಹಾಕಿದ ಮೇಲೆ ಕಾಲೇಜಿನ ಕಚೇರಿಗೆ ಹೋಗಿ ವಿಚಾರಿಸುವಂತೆ ಮಕ್ಕಳಿಗೆ ಹೇಳಿ.

5. ಹಣ ನೇರವಾಗಿ ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಗೆ ಬರುತ್ತದೆ. ಮಗು ಊರು ಬಿಡುವ ಮುನ್ನವೇ ಆ ಜೋಡಣೆಯನ್ನು ಮಾಡಿಸಿ, ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರವನ್ನೂ ಪಡೆದಿಟ್ಟುಕೊಳ್ಳಿ. ದೂರದಿಂದ ಓಡಾಡುವ ಖರ್ಚು ಉಳಿಯುತ್ತದೆ.

ಪರಿಶಿಷ್ಟ ಜಾತಿಯ ಮಕ್ಕಳಿಗಾಗಿ ಇರುವ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಬೇರೆ ಯೋಜನೆ. ಪರರಾಜ್ಯದಲ್ಲಿ ಓದುವವರಿಗೂ ಅದನ್ನು ಕೊಡಬೇಕಾದುದು ಅವರ ಸ್ವಂತ ರಾಜ್ಯವೇ. ಆದ್ದರಿಂದ ಅಂಥವರು ಕಾಲೇಜಿರುವ ರಾಜ್ಯಕ್ಕಲ್ಲ, ಇಲ್ಲಿಗೇ ಅರ್ಜಿ ಹಾಕಬೇಕು. ಉಳಿದ ರಾಜ್ಯ ಯೋಜನೆಗಳಿಗೆ ಒಂದೊಂದಕ್ಕೂ ಒಂದೊಂದು ಷರತ್ತು ಇರುತ್ತದೆ. ಸಂಬಂಧಪಟ್ಟ ಕಚೇರಿಯಲ್ಲಿ ಕೇಳಿ ತಿಳಿಯಿರಿ.

ಬಿತ್ತನೆಗೆ ಹದ ಹೇಗೋ ಅರ್ಜಿಗೆ ಕೊನೆಯ ದಿನಾಂಕ ಹಾಗೆ. ಹದ ಮೀರಿ ಬಿತ್ತಿದರೆ ಅರೆಬೆಳೆಯಾದರೂ ಬಂದೀತು. ದಿನಾಂಕ ಮೀರಿದ ಅರ್ಜಿಗೆ ಏನೂ ಬಾರದು. ಫಲಿತಾಂಶ ಬಂದ ವಾರದಲ್ಲೇ ಕಾಗದಪತ್ರಗಳನ್ನು ಸಿದ್ಧಮಾಡಿಕೊಳ್ಳಿ.